ಬಾಗಲೆಂದೇ ಮಾಡಿದ ಕೊಂಡಿ

ನನ್ನ ಸೈಕಲ್ಲಿನ ಹಿಂದಿನ ಚಕ್ರದ ಬದಿಯಲ್ಲಿ, ಗೇರು ಬದಲಿಸುವ ಸಾಧನವನ್ನು ಹಿಡಿದುಕೊಂಡಿರುವ ಒಂದು ಲೋಹದ ಕೊಂಡಿ ಇದೆ. ಹೆಬ್ಬೆರಳಿಗಿಂತ ತುಸು ಉದ್ದ. ಮಳೆಗಾಲ ಮುಗಿದ ವಾರವೇ ಅದು ಮುರಿಯಿತು. ಹಳೆಯ ಮಾದರಿಯ ಸೈಕಲ್, ಆ ಕೊಂಡಿ ಈಗ ಬರುವುದಿಲ್ಲ ಎಂದರು ಅಂಗಡಿಯವರು. ಮಗರಪಟ್ಟಾದ ನಮ್ಮ ಕಚೇರಿಯಲ್ಲಿ ಕಾವಲಿಗಿರುವ ಧರ್ಮಣ್ಣ, ಕಾರ್ಖಾನೆಗಳಿರುವ ಭೋಸರಿಯಲ್ಲಿ ತಮ್ಮ ಊರಿನ ಕಡೆಯವರೊಬ್ಬರು ಏನನ್ನು ಬೇಕಾದರೂ ಮಾಡಿಕೊಡುತ್ತಾರೆ ಎಂದು ಹೇಳಿ ನಂಬರು ಕೊಟ್ಟ.

ಅವರು ಶಂಕ್ರೆಪ್ಪ. ಸುರಪುರದ ಕಡೆಯವರು, ಮೂವತ್ತು ವರ್ಷದಿಂದ ಲೋಹ ಕಡೆಯುವ ಲೇಥಿನ ಮುಂದೆ ನಿಂತವರು. ಈಗ ತಗಡಿನ ಶೆಡ್ಡೊಂದರಲ್ಲಿ ಸ್ವಂತದ ಎರಡು ಯಂತ್ರಗಳಿವೆ. ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಎರಡು ದಿನ ಬಿಟ್ಟು ಬರಹೇಳಿದರು. ಹೋದಾಗ ಹೊಸ ಕೊಂಡಿ ಎಣ್ಣೆಕಾಗದದಲ್ಲಿ ಸುತ್ತಿಟ್ಟಿತ್ತು. ಗಟ್ಟಿ ಉಕ್ಕು, ಕನ್ನಡಿಯಂಥ ಅಂಚು, ಮೂಲೆಯಲ್ಲಿ ಸಣ್ಣದಾಗಿ 'ಶಂ' ಎಂಬ ಅಚ್ಚು. ಆ ಅಚ್ಚಿನ ಮೊಳೆಯನ್ನು ಅವರೇ ಅರದಿಂದ ಉಜ್ಜಿ ಮಾಡಿಕೊಂಡಿದ್ದರು. ಅಕ್ಕಪಕ್ಕದ ಶೆಡ್ಡಿನ ಮರಾಠಿಯವರಿಗೆ ಕನ್ನಡ ಓದಲು ಬಾರದು. ಅದೊಂದು ಹೂವಿನ ಚಿತ್ರವೆಂದೇ ಅವರು ತಿಳಿದಿದ್ದರು.

ಅದನ್ನು ಹಿಂದಕ್ಕೆ ಕೊಡುವಾಗ ನನಗೆ ನಾಚಿಕೆಯಾಯಿತು. ಕೊಂಡಿ ಮೆತ್ತಗಿರಬೇಕು, ಅಲ್ಯೂಮಿನಿಯಮ್ಮಿನದೇ ಆಗಬೇಕು ಎಂದೆ. ಗೇರು ಕಲ್ಲಿಗೆ ಬಡಿದರೆ ಆ ಪೆಟ್ಟು ಎಲ್ಲಿಗಾದರೂ ಹೋಗಲೇಬೇಕು. ಕೊಂಡಿ ಬಾಗದಿದ್ದರೆ ಅದು ಸೈಕಲ್ಲಿನ ಚೌಕಟ್ಟಿಗೆ ಹೋಗುತ್ತದೆ. ಚೌಕಟ್ಟು ಸೀಳಿದರೆ ಸೈಕಲ್ಲೇ ಮುಗಿಯಿತು.

"ನನಗ ಗೊತ್ತಿಲ್ಲೇನು ತಂಗಿ?" ಎಂದರು ಶಂಕ್ರೆಪ್ಪ. "ಮಷೀನಿನ್ಯಾಗೂ ಹಂಥಾ ಪಿನ್ ಇರ್ತಾವ, ತಾವು ಮುರದು ಮಷೀನ್ ಉಳಸ್ತಾವ. ಆದ್ರ ಅವು ಪಿನ್ನು. ಅವಕ್ಕ ಯಾರೂ ಹೆಸರು ಹಾಕಂಗಿಲ್ಲ. ಮೂವತ್ತು ವರ್ಷ ಮುರೀಬಾರದಂತ ಮಾಡೀನಿ, ಈಗ ಮುರೀಲಿ ಅಂತ ಮಾಡ್ಲೇನು?"

ಒಳಗಿನಿಂದ ಚಹಾ ತಂದ ಅವರ ಹೆಂಡತಿ ಮಾನಮ್ಮ ಲೋಟವನ್ನು ನನ್ನ ಕೈಗಿಟ್ಟು, "ಮುರಿಯೂದು ಮಾಡ್ಲಿಕ್ಕ ಇವರಿಗೆ ಯಾರೂ ಕಲಸೂದು ಬ್ಯಾಡ್ರಿ. ಇವರು ಮಾಡಿದ ನಮ್ಮನಿ ಕುರ್ಚಿ ಒಮ್ಮೆ ನೋಡ್ರಿ," ಎಂದರು. ಶಂಕ್ರೆಪ್ಪ ಕೇಳಿಸಿಕೊಳ್ಳದವರಂತೆ ಅಲ್ಯೂಮಿನಿಯಮ್ಮಿನ ಪಟ್ಟಿ ಹುಡುಕತೊಡಗಿದರು.

ಎಷ್ಟು ದಪ್ಪ ಇರಬೇಕೆಂಬುದನ್ನು ಊಹೆಯಿಂದ ತೀರ್ಮಾನಿಸುವುದು ನನಗೆ ಒಗ್ಗದು. ಭೌತಶಾಸ್ತ್ರ ಓದಿದವಳ ಚಾಳಿ. ಹಳೆಯ ಕೊಂಡಿಯ ಅಳತೆಯಲ್ಲಿ ಒಂದನ್ನು ಮಾಡಿ ವೈಸಿಗೆ ಕಚ್ಚಿಸಿದೆವು, ಅದಕ್ಕೊಂದು ಗೇಣುದ್ದದ ಸರಳು ಬಿಗಿದೆವು, ಸರಳಿನ ತುದಿಗೆ ಬಕೆಟ್ ತೂಗುಹಾಕಿ ಲೇಥಿನ ಚೂರುಗಳನ್ನು ಮುಷ್ಟಿ ಮುಷ್ಟಿಯಾಗಿ ಸುರಿದೆವು. ಹನ್ನೊಂದು ಕೆ.ಜಿ.ಗೆ ಬಾಗಿತು, ನನಗದು ತುಸು ಹೆಚ್ಚೆನಿಸಿತು. ಅರ್ಧ ಮಿಲಿಮೀಟರ್ ತೆಳುವಾಗಿ ಮಾಡಿದ ಇನ್ನೊಂದು ಒಂಬತ್ತಕ್ಕೆ ಬಾಗಿತು, ಅದು ಸರಿ ಎಂದೆ. ಶಂಕ್ರೆಪ್ಪ ಕೊನೆಯ ಚೂರುಗಳನ್ನು ಉಪ್ಪು ಉದುರಿಸುವ ಹಾಗೆ ಎರಡು ಬೆರಳಲ್ಲಿ ಉದುರಿಸುತ್ತಿದ್ದರು. ಅವರಿಗೆ ಕೆಲಸ ಹಿಡಿಸಿತ್ತು. ಆದರೂ, ಅದೇ ಅಳತೆಯ ಎರಡು ಕೊಂಡಿಗಳನ್ನು ಮಾಡಿ ಕೈಗಿಟ್ಟಾಗ ಮೂಲೆಯಲ್ಲಿ ಅಚ್ಚು ಇರಲಿಲ್ಲ.

ಅದು ನನ್ನನ್ನು ಕಾಡಿತು. ನನ್ನ ಕೈಗೆ ಬಂದ ಅವರ ಅತ್ಯುತ್ತಮ ಕೆಲಸ ಅವರಿಗೇ ಬೇಡವಾಗಿತ್ತು. ಗುರುವಾರ ಭೋಸರಿಯ ಶೆಡ್ಡುಗಳಿಗೆ ರಜೆ. ನಾನೂ ರಜೆ ಹಾಕುತ್ತೇನೆ, ಒಮ್ಮೆ ಬಂದು ಕೊಂಡಿ ಎಂಥ ಕಡೆ ಓಡಾಡುತ್ತದೆಂದು ನೋಡಿ ಎಂದು ಕರೆದೆ. ಅವರು ತಮ್ಮ ಸಣ್ಣ ಟೆಂಪೊ ತಂದರು. ಸೈಕಲ್ ಹಿಂದೆ, ಮುಂದೆ ನಾವು ಮೂವರು, ಮಾನಮ್ಮನ ತೊಡೆಯ ಮೇಲೆ ಬುತ್ತಿ.

ಮುಳಶಿ ದಾಟಿ ಎಡಕ್ಕೆ ಬೆಟ್ಟ ಹತ್ತುವ ರಸ್ತೆಯ ತುದಿಯಲ್ಲಿ ನನ್ನನ್ನು ಇಳಿಸಿದರು. ಅಲ್ಲಿಂದ ದನಗಳ ಕಾಲುದಾರಿಯೊಂದು ಕಾಡಿನೊಳಗೆ ನಾಲ್ಕು ಕಿಲೋಮೀಟರ್ ಇಳಿಯುತ್ತದೆ. ನಡುವೆ ಒಂದು ಕಡೆ ಅದೇ ರಸ್ತೆಯನ್ನು ದಾಟುತ್ತದೆ. ದಾಟುವುದಕ್ಕೆ ಸ್ವಲ್ಪ ಮೊದಲು ಮೂರು ಮೆಟ್ಟಿಲಿನಂಥ ಕರಿಬಂಡೆ, ಒಂದೊಂದೂ ಮೊಣಕಾಲೆತ್ತರ. ಆರು ಸಲ ಬಂದಿದ್ದೆ, ಆರು ಸಲವೂ ಅಲ್ಲಿ ಸೈಕಲ್ಲಿನಿಂದ ಇಳಿದು ನಡೆದಿದ್ದೆ. ಟೆಂಪೊದಲ್ಲಿ ಅಲ್ಲಿಗೆ ಹೋಗಿ ಆ ಬಂಡೆಯ ಬುಡದಲ್ಲೇ ನಿಲ್ಲಲು ಶಂಕ್ರೆಪ್ಪನವರಿಗೆ ಹೇಳಿದೆ.

ಡಿಸೆಂಬರಿನ ಬೆಳಗು. ನೇರಳೆ ಮರಗಳ ಕೆಳಗೆ ಇನ್ನೂ ಇಬ್ಬನಿ, ತರಗೆಲೆಯ ಅಡಿಯಲ್ಲಿ ಕಲ್ಲು ಕಾಣುವುದಿಲ್ಲ. ಇಳಿಜಾರಿನಲ್ಲಿ ಕಣ್ಣು ಚಕ್ರದ ಮುಂದಿನ ಕಲ್ಲನ್ನು ನೋಡಬಾರದು, ಅದರಾಚೆಯ ತಿರುವನ್ನು ನೋಡಬೇಕು. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿದಿತ್ತು. ಬೇರುಗಳ ಮೇಲೆ ಬ್ರೇಕು ಬಿಟ್ಟೆ, ಬೇರು ಮುಗಿದಲ್ಲಿ ಹಿಡಿದೆ. ಒಣಗಿದ ಕಾರ್ವಿ ಗಿಡಗಳು ಎರಡೂ ತೋಳಿಗೆ ಗೀರುತ್ತಿದ್ದವು. ನಾಲ್ಕು ಬಿಗಿ ತಿರುವುಗಳನ್ನು ಕಾಲೂರದೆ ದಾಟಿದೆ. ನಂತರ ಮರಗಳ ನಡುವೆ ಶಂಕ್ರೆಪ್ಪನವರ ಬಿಳಿ ಟೋಪಿ ಕಂಡಿತು.

ಬಂಡೆಯ ತುದಿಯಲ್ಲಿ ಮೈಯನ್ನು ಪೂರ್ತಿ ಹಿಂದಕ್ಕೆ ಒಯ್ದೆ. ಮೊದಲ ಮೆಟ್ಟಿಲು, ಎರಡನೆಯದು. ಮೂರನೆಯದರಲ್ಲಿ ಹಿಂದಿನ ಚಕ್ರ ಬಲಕ್ಕೆ ಜಾರಿ, ಗೇರು ಬಂಡೆಗೆ ಠಣ್ ಎಂದು ಬಡಿಯಿತು. ಸೈಕಲ್ ಹೊಯ್ದಾಡಿತು. ಬೀಳಲಿಲ್ಲ. ನೆಲ ಸಮವಾದ ಕಡೆ ಹೋಗಿ ನಿಂತಾಗ ನಗು ಬರುತ್ತಿತ್ತು. ಏಳನೆಯ ಸಲ ನಾನು ನಡೆದಿರಲಿಲ್ಲ.

ಶಂಕ್ರೆಪ್ಪ ನನ್ನನ್ನು ನೋಡಲೇ ಇಲ್ಲ. ನೇರ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕುಳಿತರು. ಕೊಂಡಿ ಒಳಕ್ಕೆ ಬಾಗಿ, ಗೇರು ಚಕ್ರದ ಕಡ್ಡಿಗಳಿಗೆ ತಾಗುವಂತಿತ್ತು. ಅದನ್ನು ಬಿಚ್ಚಿ ತೆಗೆದು, ಅಂಗಿಯ ಜೇಬಿನಿಂದ ವರ್ನಿಯರ್ ಅಳತೆಗೋಲು ತೆಗೆದು, ಕೊಂಡಿ ಕೂತಿದ್ದ ಚೌಕಟ್ಟಿನ ತುದಿಯನ್ನು ಮೂರು ಕಡೆ ಅಳೆದರು. ಮತ್ತೆ ಅಳೆದರು.

"ಕೂದಲೆಳಿ ಅಷ್ಟೂ ಸರದಿಲ್ಲ," ಎಂದರು, ತಮಗೇ ಹೇಳಿಕೊಳ್ಳುವಂತೆ.

ಬಾಗಿದ ಕೊಂಡಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಆಮೇಲೆ ಎದ್ದು ಟೆಂಪೊದ ಕಡೆ ಹೋಗಿ, ಸಾಮಾನಿನ ಪೆಟ್ಟಿಗೆಯಿಂದ ಅಚ್ಚಿನ ಮೊಳೆ ಮತ್ತು ಸುತ್ತಿಗೆ ತಂದರು. ಬಾಗಿದ ಕೊಂಡಿಯನ್ನು ಬಂಡೆಯ ಮೇಲಿಟ್ಟು ಒಂದೇ ಏಟು ಕೊಟ್ಟರು. ಮೆತ್ತನೆಯ ಲೋಹದಲ್ಲಿ 'ಶಂ' ಆಳವಾಗಿ ಕೂತಿತು.

ಇನ್ನೊಂದು ಕೊಂಡಿಯನ್ನು ನನ್ನ ಚೀಲದಿಂದ ತೆಗೆದು ಮುಂದೆ ಹಿಡಿದೆ. "ಇದಕ್ಕೂ ಹಾಕಿ ಅಣ್ಣಾ."

"ಅದೇನ್ ಮಾಡೇದ ಇನ್ನಾ?" ಎಂದು ಅದನ್ನು ಹಾಗೆಯೇ ಸೈಕಲ್ಲಿಗೆ ಬಿಗಿದರು. "ಮೊದಲ ಅದನ್ನೂ ಹಿಂಗ ಬಾಗಿಸಿ ತೊಗೊಂಡು ಬರ್ರಿ. ಆಮ್ಯಾಲ ನೋಡಮ್ರಿ."

ರಸ್ತೆಯ ಬದಿಯಲ್ಲಿ ಜಮಖಾನೆ ಹಾಸುತ್ತಿದ್ದ ಮಾನಮ್ಮ, ಮನೆಯ ಕುರ್ಚಿಗೂ ಹಾಗಿದ್ದರೆ ಹೆಸರು ಹಾಕಬಹುದಲ್ಲ ಎಂದು ಕೇಳಿದರು. ಈ ಸಲ ಶಂಕ್ರೆಪ್ಪ ಕೇಳಿಸಿಕೊಂಡು ನಕ್ಕರು.

ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ ಉಳಿದ ಎರಡು ಕಿಲೋಮೀಟರ್ ಇಳಿದೆ. ಕೊಂಡಿ ಬಾಗಲಿಲ್ಲ.