ಪಿನ್ನಿನ ಕ್ಲಿಪ್ಪು

ವಾಡಿಯಿಂದ ಚಿಂಚೋಳಿತನಕ ಯಾವ ಚಾ ಅಂಗಡ್ಯಾಗ ಬೇಕಾದ್ರೂ ಕೇಳ್ರಿ. ಏರಿನ್ಯಾಗ ಕಳಚಿದ ಟ್ರಾಲಿನ ಒಂದೇ ಕಾಲಿಲೆ ನಿಲ್ಸಿದವ ಯಾರಂದ್ರ ತೌಸೀಫ್ ಅಂತಾರ. ಅವನೇ ನಾ. ಬ್ರೇಕ್ ಮ್ಯಾಲ ಕಾಲಿಟ್ಟೆ, ಟ್ರ್ಯಾಕ್ಟರ್ ನಿಂತಿತು, ಟ್ರಾಲಿ ನಿಂತಿತು. ಬಾಜೂಕ ಮೇಯಾಕತ್ತಿದ್ದ ದನಾನೂ ತಲಿ ಎತ್ತಿ ನೋಡಿದ್ವು. ಬ್ಯಾಗ್ರೌಂಡ್ ಮ್ಯೂಸಿಕ್ ಒಂದೇ ಕಮ್ಮಿ ಬಿದ್ದಿತ್ತು.

ಅವತ್ತು ಟ್ರಾಲ್ಯಾಗ ಇದ್ದದ್ದು ರಾವೂರಿನ ಭಾಗಮ್ಮಕ್ಕನ ಮಷೀನು. ನೆಲಕ್ಕ ಹಾಸೋ ಫರ್ಸಿ ಕಲ್ಲಿಗೆ ಪಾಲಿಶ್ ಹೊಡೆಯೋದು. ಇದ್ದ ಒಂದು ಎಮ್ಮಿ ಮಾರಿ ತಗೊಂಡಿದ್ಳು. ಚಿಂಚೋಳ್ಯಾಗ ಶೆಡ್ ಹಿಡಿದಿದ್ಳು, ಮರುದಿನ ಕೆಲಸ ಚಾಲೂ. ಮಷೀನಿಗೆ ಏನಾರ ಆದ್ರ ಆಕಿ ಮತ್ತ ಖಣಿಗೆ ಹೋಗಿ ಕಲ್ಲು ಹೊರಬೇಕು.

"ತಮ್ಮಾ, ಭಾರ ಮುಂದ ಇರಲಿ, ಟ್ರ್ಯಾಕ್ಟರ್ ಕಡಿಗೆ. ಹಗ್ಗ ಬಿಗಿ" ಅಂದ್ಳು ಹೇರುವಾಗ.

"ಅಕ್ಕಾ, ಫರ್ಸಿ ಹೇರೋ ಮಂದಿ ನಾವು. ಯಾವತ್ತಾರ ಹಗ್ಗ ಕಟ್ಟೀವೇನು? ತೂಕದ ಸಾಮಾನು ತನ್ನ ಜಾಗಾ ಬಿಡಲ್ಲ."

ಫರ್ಸಿ ಬಿಡಲ್ಲ, ಖರೇ. ಈ ಮಷೀನಿಗೆ ಕೆಳಗ ಗಾಲಿ ಇದ್ದವು. ಅದು ನನ್ನ ತಲ್ಯಾಗ ಬರಲಿಲ್ಲ. ಇಳಸಲಿಕ್ಕೆ ಹಗೂರ ಆಗ್ಲಿ ಅಂತ ನಡುವ ನಿಲ್ಸಿ ಬಿಟ್ಟೆ.

ಆಕಿ ಮನಿ ಒಳಗ ಹೋಗಿ ಎಮ್ಮಿ ಕಟ್ಟೋ ಸರಪಳಿ ತಂದ್ಳು. ಟ್ರಾಲಿ ಮೂತಿಗೂ ಟ್ರ್ಯಾಕ್ಟರಿಗೂ ಸೇರಿಸಿ ಎರಡು ಸುತ್ತು ಸುತ್ತಿ ಕೊಂಡಿ ಹಾಕಿದ್ಳು.

"ಎಮ್ಮಿ ಇಲ್ಲಂತ ನನ್ನ ಟ್ರ್ಯಾಕ್ಟರ್ ಕಟ್ಟಾಕತ್ತೀಯೇನಕ್ಕಾ?"

"ಎಮ್ಮಿಗಾದ್ರ ಬುದ್ಧಿ ಇತ್ತು" ಅಂದು ಮಡ್‌ಗಾರ್ಡ್ ಮ್ಯಾಲ ಕುಂತ್ಳು.

ಇನ್ನೊಂದು ಮಾತದ. ಟ್ರಾಲಿ ಮೂತಿ ಹಿಡಿಯೋ ಪಿನ್ನು ಮ್ಯಾಲಕ ಹಾರಬಾರದಂತ ಕೆಳಗೊಂದು ಕ್ಲಿಪ್ ಹಾಕ್ತಾರ, ಉಂಗುರದಂಗ ಇರ್ತದ. ಅದನ್ನ ಪಿನ್ನಿಗೆ ಹಾಕೋದು ಬಿಟ್ಟು ನನ್ನ ಬೆರಳಿಗೆ ಹಾಕ್ಕೊಂಡಿದ್ದೆ. ತಿರುಗಿಸಿದ್ರ ಹೀರೊ ಎಂಟ್ರಿ ಕೊಟ್ಟಂಗ ಕಾಣ್ತದ. ಪಿಚ್ಚರ್ ನೋಡಿ ನೋಡಿ ಬಂದ ಚಟ.

ಸೇಡಂ ದಾಟಿತು. ಚಿಂಚೋಳಿ ಸಮೀಪ ಏರು ಬಂತು. ಮಷೀನು ಹಿಂದಕ ಉರುಳಿ ಟ್ರಾಲಿ ಬಾಗಲಕ್ಕ ಬಡೀತು. ಭಾರ ಹಿಂದಾತು, ಮೂತಿ ಮ್ಯಾಲೆದ್ದಿತು, ಪಿನ್ನು ಟಣ್ ಅಂತ ಹಾರಿ ರೋಡಿಗೆ ಬಿತ್ತು. ಟ್ರಾಲಿ ಜಾರಿತು. ಸರಪಳಿ ಬಿಗೀತು. ಟ್ರಾಲಿ ಜೋಡಿ ಟ್ರ್ಯಾಕ್ಟರೂ ಹಿಂದಕ ಹೊಂಟಿತು. ಆಗ ಬ್ರೇಕ್ ಬಿತ್ತು.

ಚಾ ಅಂಗಡ್ಯಾಗ ಇಷ್ಟಕ್ಕೇ ನಿಲ್ಲಸ್ತೀನಿ. ನಿಮಗ ಹೇಳಲಿಕ್ಕೇನು, ಬ್ರೇಕ್ ಮ್ಯಾಲಿದ್ದ ಕಾಲು ನಂದಲ್ಲ. ಟಣ್ ಅಂದಿದ್ದೇ ತಡ, ನಾ ಜಿಗಿದು ರೋಡ್ ಬಾಜೂಕಿನ ತೆಗ್ಗಿನ್ಯಾಗ ಬಿದ್ದಿದ್ದೆ. ತಲಿ ಎತ್ತಿದಾಗ ಭಾಗಮ್ಮಕ್ಕ ನನ್ನ ಸೀಟಿನ್ಯಾಗಿದ್ಳು. ಸೀರಿ ಮಣಕಾಲತನಕ, ಎರಡೂ ಕಾಲು ಬ್ರೇಕ್ ಮ್ಯಾಲ. ಹಿಂದ ಮಷೀನು ಬಾಗಲಕ್ಕ ಒರಗಿ ನಿಂತಿತ್ತು.



"ಗಾಲಿಗೆ ಕಲ್ಲಿಡು" ಅಂದ್ಳು. ಇಟ್ಟೆ. ಆಮ್ಯಾಲ ನನ್ನ ಬೆರಳು ನೋಡಿ ಕೈ ಚಾಚಿದ್ಳು.

ಕ್ಲಿಪ್ ಇನ್ನೂ ನನ್ನ ಬೆರಳಾಗೇ ಇತ್ತು. ತೆಗೀಲಿಕ್ಕೆ ಭಾಳ ಹೊತ್ತು ಹಿಡೀತು.