ಅಪ್ಪನ ಸಾವಿಗೆ ಯಾವ ಬಣ್ಣ

ಸಾವಿನ ಸುದ್ದಿ ಬಂದರೆ ಆ ಊರಿನವರು ಮೊದಲು ಕೇಳುವುದು ಯಾವ ಬಣ್ಣ ಉಡಬೇಕು ಎಂದು. ಹಣ್ಣುಹಣ್ಣಾಗಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿದವರಿಗೆ ಕಪ್ಪುಬಿಳಿ. ಆಗಬಾರದ ಹಾಗೆ ಸತ್ತವರಿಗೆ ಕೆಂಪು. ಬಣ್ಣ ತಿಳಿದರೆ ಸಾಕು, ಉಳಿದದ್ದನ್ನು ಕೇಳುವ ಅಗತ್ಯವೇ ಇರುವುದಿಲ್ಲ.

ಅಮೊವಾಕೊ ಸತ್ತಾಗ ಅವನ ತಮ್ಮ, ಕುಲದ ಯಜಮಾನ ದ್ವೊಮೊ, ಕಪ್ಪುಬಿಳಿ ಎಂದು ಸಾರಿಸಿಬಿಟ್ಟ. ಮುದುಕ ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲವಂತೆ, ಎಂಥ ಪುಣ್ಯದ ಸಾವು ಎಂದು ಊರೆಲ್ಲ ತಲೆದೂಗಿತು.

ಅವನ ಮಗಳು ಕ್ವಾಬುವಾ ತಲೆದೂಗಲಿಲ್ಲ. ನಸುಕಿನಲ್ಲಿ ಹೊಲಕ್ಕೆ ಹೊರಟ ಅಪ್ಪನನ್ನು ಚಿನ್ನ ಅಗೆಯುವವರ ಗುಂಡಿಯ ಕೆಸರುನೀರಿನಿಂದ, ಊರು ಏಳುವ ಮೊದಲೇ, ಎಳೆದು ತೆಗೆದವಳು ಅವಳೇ. ಹೊಲದ ಅಂಚನ್ನು ಆ ಅಗೆಯುವವರಿಗೆ ಕೊಟ್ಟವನು ದ್ವೊಮೊ. ಅವರು ಬೇಕಾದ್ದನ್ನು ಬಾಚಿಕೊಂಡು, ಗುಂಡಿಗೆ ಒಂದು ಬೇಲಿಯನ್ನೂ ಕಟ್ಟದೆ ಹೋಗಿದ್ದರು.

"ಬಣ್ಣ ತಪ್ಪು, ಚಿಕ್ಕಪ್ಪ. ಅಪ್ಪ ಹಾಸಿಗೇಲಿ ಸಾಯ್ಲಿಲ್ಲ" ಎಂದಳು.

"ವಯಸ್ಸಾಗಿತ್ತಲ್ಲಮ್ಮ. ಇವತ್ತಲ್ಲ ನಾಳೆ ಹೋಗೋ ಜೀವ. ಕೆಂಪು ಉಟ್ಟು ಊರಿಗೆಲ್ಲ ಡಂಗುರ ಹೊಡೀಬೇಕಾ? ನಿನ್ ಕೆಲಸ ಬಟ್ಟೆಗೆ ಬಣ್ಣ ಹಾಕೋದು. ಯಾವ ಬಣ್ಣ ಅಂತ ನಾವ್ ಹೇಳ್ತೀವಿ."

ಹಾಗೆ ಹೇಳುವ ಅಧಿಕಾರ ಅವನಿಗಿತ್ತು. ಅವರಲ್ಲಿ ಕುಲ ಬರುವುದು ತಾಯಿಯಿಂದ, ಮಕ್ಕಳು ಅಪ್ಪನ ಕುಲಕ್ಕೆ ಸೇರುವುದಿಲ್ಲ. ಹಾಗಾಗಿ ಅಪ್ಪನ ಹೆಣವೂ ಅವನು ಬಾಳಿದ ಮನೆಯೂ ಅಪ್ಪನ ಕುಲದವರ ಪಾಲು. ಹೆಂಡತಿ ಮಕ್ಕಳಿಗೆ ಇರುವುದು ಅಳುವ ಹಕ್ಕು ಮಾತ್ರ.

ಸಾವಿನ ಬಟ್ಟೆಗೆ ಬಣ್ಣ ಹಾಕುವುದರಲ್ಲಿ ಕ್ವಾಬುವಾಳದು ಎತ್ತಿದ ಕೈ. ದೂರದ ಕುಮಾಸಿ ಪಟ್ಟಣದಿಂದಲೂ ಜನ ಬರುತ್ತಿದ್ದರು. ತೊಗಟೆ ಕುಟ್ಟಿ ಕುದಿಸಿದ ನೀರಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸಿದರೆ ಬಟ್ಟೆ ಒಣರಕ್ತದ ಕೆಂಪಿಗೆ ತಿರುಗುತ್ತದೆ. ಅದೇ ರಸಕ್ಕೆ ಕಬ್ಬಿಣದ ಕಿಟ್ಟ ಹಾಕಿದರೆ ತೊಗಟೆಯ ಒಗರು ಕಬ್ಬಿಣವನ್ನು ಹಿಡಿದುಕೊಂಡು ಕಪ್ಪಾಗುತ್ತದೆ. ಒಮ್ಮೆ ಹಿಡಿದರೆ ಯಾವ ಸಾಬೂನಿಗೂ ಬಿಡುವುದಿಲ್ಲ. ಆ ವಾರ ಊರವರ ಬಟ್ಟೆಗಳನ್ನೆಲ್ಲ ಅವಳು ಕಪ್ಪಿನ ಹಂಡೆಯಲ್ಲಿ ಅದ್ದಿದಳು. ತನ್ನದೊಂದನ್ನು ಮಾತ್ರ ಕೆಂಪಿನಲ್ಲೇ ಉಳಿಸಿ ಹಿತ್ತಲ ಹಗ್ಗದ ಮೇಲೆ ಹರವಿದಳು. ಉಳಿದವರು ಏನನ್ನಾದರೂ ಉಡಲಿ, ಹೆತ್ತ ಮಗಳು ಕೆಂಪುಟ್ಟು ಬಂದರೆ ಜನ ಯಾಕೆಂದು ಕೇಳಿಯೇ ಕೇಳುತ್ತಾರೆ ಎಂಬುದು ಅವಳ ಲೆಕ್ಕಾಚಾರ.

ಅಂತ್ಯಕ್ರಿಯೆಯ ಹಿಂದಿನ ಸಂಜೆ ಹಿತ್ತಲಿಗೆ ಹೋದರೆ ಹಗ್ಗ ಖಾಲಿ. ತಾಯಿ ಎನ್ಸಿಯಾ ಕಪ್ಪಿನ ಹಂಡೆಯ ಮುಂದೆ ಕೂತು ಕೋಲಿನಿಂದ ಬಟ್ಟೆಯನ್ನು ಒತ್ತಿ ಒತ್ತಿ ಮುಳುಗಿಸುತ್ತಿದ್ದಳು.

"ಅವ್ವಾ, ಏನ್ ಮಾಡ್ತಿದೀಯ?"

"ನೋಡ್ತಾ ಇದೀಯಲ್ಲ."

ಕ್ವಾಬುವಾ ಕೋಲು ಕಿತ್ತುಕೊಂಡು ಬಟ್ಟೆ ಎತ್ತಿದಳು. ಕಪ್ಪುನೀರು ಸುರಿಯಿತು. ಕೆಂಪಿನ ಗುರುತೇ ಇರಲಿಲ್ಲ. ಅವಳಿಗೆ ಅಪ್ಪ ಸತ್ತಾಗ ಬಾರದಷ್ಟು ಸಿಟ್ಟು ಬಂತು.

"ನಿನ್ ಗಂಡ ಅಲ್ವಾ ಅವನು?"

"ನಲವತ್ತು ವರ್ಷ ಅವನಿಗೆ ಅನ್ನ ಬೇಯಿಸಿ ಹಾಕಿದೀನಿ, ಗಂಡ ಯಾರು ಅಂತ ನಿನ್ ಹತ್ರ ಕಲೀಬೇಕಾ?" ಎಂದಳು ಎನ್ಸಿಯಾ. "ನೀನು ಕೆಂಪುಟ್ಟರೆ ನಾಡಿದ್ದು ನಮ್ ಪಾತ್ರೆ ಬೀದೀಲಿ ಇರ್ತವೆ. ನಿನಗೇನು, ಗಟ್ಟಿಗಿತ್ತಿ. ನಾನು ಈ ವಯಸ್ಸಲ್ಲಿ ಯಾರ ಜಗಲಿ ಮೇಲೆ ಮಲಗ್ಲಿ? ನನಗೆ ಭಯ ಕಣೇ."

ಕ್ವಾಬುವಾ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ತಾಯಿಯ ಭಯ ಸುಳ್ಳಲ್ಲ ಎಂಬುದೇ ಅವಳಿಗೆ ಸಂಕಟವಾಗಿತ್ತು.

ಮರುದಿನ ಅವಳೂ ಆ ಕಪ್ಪನ್ನೇ ಉಟ್ಟು, ತಲೆಗೆ ಎಲ್ಲರಂತೆ ಬಿಳಿ ಕಟ್ಟಿಕೊಂಡು ತಾಯಿಯ ಪಕ್ಕ ಕೂತಳು. ದ್ವೊಮೊ ಎದ್ದು, ಅಣ್ಣ ಮಗುವಿನ ಹಾಗೆ ಮಲಗಿದ್ದಲ್ಲೇ ಹೋದ ಎಂದು ಬಂದವರಿಗೆಲ್ಲ ಹೇಳಿದ. ಡೋಲು ಬಡಿಯಿತು. ನೆಂಟರು ಸಾಲಾಗಿ ಬಂದು ಕೈ ಕುಲುಕಿದರು. ಸುಳ್ಳು ಎಷ್ಟು ಸಲೀಸಾಗಿ ನಡೆದುಹೋಗುತ್ತಿದೆ ಎಂದು ಕ್ವಾಬುವಾಳಿಗೆ ಹೇಸಿಗೆಯಾಯಿತು. ಆದರೂ ಕೈ ಚಾಚುತ್ತಲೇ ಇದ್ದಳು.

ಸಾಲಿನ ಕೊನೆಯಲ್ಲಿ ಹೊಲದಾಚೆಯ ಕೇರಿಯ ಫ್ರೇಮಾ ಬಂದಳು. ಕೈ ಹಿಡಿದವಳು ಬಿಡಲಿಲ್ಲ.

"ಕಪ್ಪುಬಿಳಿ ಅಂತ ಕೇಳಿ ಜೀವ ಬಂತು ಕಣಕ್ಕ" ಎಂದಳು ಮೆಲ್ಲಗೆ. "ಆ ಗುಂಡಿ ಹತ್ರ ಅವತ್ತು ಏನೋ ಆಯ್ತಂತೆ ಅಂತ ಯಾರೋ ಅಂದಿದ್ರು. ಹೆದರಿ ಮಕ್ಕಳನ್ನ ಮನೇಲೇ ಇಟ್ಕೊಂಡಿದ್ದೆ. ಶಾಲೆಗೆ ಬೇರೆ ದಾರಿ ಎಲ್ಲಿದೆ ಹೇಳು. ಇನ್ನು ಸೋಮವಾರದಿಂದ ಕಳಿಸ್ತೀನಿ."

ಕ್ವಾಬುವಾಳಿಗೆ ಆಗ ಹೊಳೆಯಿತು: ಈ ಹೆಂಗಸು ನಂಬಿದ್ದು ದ್ವೊಮೊನ ಮಾತನ್ನಲ್ಲ, ತಾನು ಹಾಕಿದ ಬಣ್ಣವನ್ನು. ತಾಯಿಯ ಕಡೆ ತಿರುಗಿದಳು. ಎನ್ಸಿಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

"ಕಳಿಸ್ಬೇಡ" ಎಂದಳು ಕ್ವಾಬುವಾ.

"ಆಂ?"

"ಕಳಿಸ್ಬೇಡ ಫ್ರೇಮಾ. ನಮ್ಮಪ್ಪ ಸತ್ತಿದ್ದು ಆ ಗುಂಡೀಲಿ. ನಾನೇ ಎಳೆದು ತೆಗೆದೆ."

ಅವಳೇನೂ ಕೂಗಿ ಹೇಳಲಿಲ್ಲ. ಆದರೆ ಹತ್ತಿರ ಕೂತವರು ತಿರುಗಿದರು, ಅವರ ಹಿಂದಿನವರು ಏನಂತೆ ಏನಂತೆ ಎಂದು ಕೇಳಿದರು, ಮಾತು ಸಾಲಿನಿಂದ ಸಾಲಿಗೆ ದಾಟಿ ದ್ವೊಮೊನ ಕುರ್ಚಿಯವರೆಗೂ ಹೋಯಿತು. ಡೋಲಿನವನು ಕೈ ತಡೆದ. ದ್ವೊಮೊ ಎದ್ದು ನಿಂತು ಎನ್ಸಿಯಾಳನ್ನೇ ದಿಟ್ಟಿಸಿದ.

"ಅತ್ತಿಗೆ, ಮಗಳಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಅಂತ ಇವರಿಗೆ ಹೇಳಿ" ಎಂದ.

ಎನ್ಸಿಯಾ ಎದ್ದು ನಿಂತಳು. ಆಮೇಲೆ ತಲೆಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಬಿಚ್ಚಿ, ಮಡಚಿ, ದ್ವೊಮೊನ ಕಾಲಬಳಿ ಇಟ್ಟಳು. ಮಗಳ ಕಡೆ ತಿರುಗಿ, "ನಡಿ, ಪಾತ್ರೆ ಕಟ್ಟೋಣ" ಎಂದಳು.