ಸಿಗಡಿಗಳಿಗೆ ಸೊಪ್ಪು ಹಾಕುವ ಕೈ

ಸುಟ್ಟುಹೋದ ಮೋಟಾರುಗಳ ಹೊಟ್ಟೆ ಬಗೆದು ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ಬೀದಿಯವರೆಲ್ಲ ಅವನನ್ನು ಮೋಟಾರಪ್ಪ ಎಂದೇ ಕರೆಯುತ್ತಿದ್ದರು. ಅಂಗಡಿ ಕೆಳಗೆ, ಮನೆ ಮೇಲೆ. ಹೆಂಡತಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ನಡುವಿನ ಮೆಟ್ಟಿಲು ಅವನೊಬ್ಬನದೇ ಆಗಿತ್ತು.

ಅವಳ ಮಂಚದ ಪಕ್ಕ, ಮೇಜಿನ ಮೇಲೆ, ಎರಡು ಬಿಂದಿಗೆ ನೀರು ಹಿಡಿಸುವ ಗಾಜಿನ ತೊಟ್ಟಿ. ತಳದಲ್ಲಿ ಕಪ್ಪು ಮರಳು, ಹಸಿರು ಪಾಚಿ, ಕಲ್ಲಿಗೆ ಕೂರಿಸಿದ ಒಂದು ಸಣ್ಣ ಗಿಡ. ಅವುಗಳ ನಡುವೆ ಉಗುರಿನಷ್ಟುದ್ದದ ಕೆಂಪು ಸಿಗಡಿಗಳು ಹಗಲೆಲ್ಲ ಏನನ್ನೋ ಹೆಕ್ಕಿ ತಿನ್ನುತ್ತಿರುತ್ತಿದ್ದವು. ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿ ತನ್ನ ಮನೆಯ ತೊಟ್ಟಿಯಿಂದ ಹತ್ತು ಸಿಗಡಿಗಳನ್ನು ಡಬ್ಬಿಯಲ್ಲಿ ತಂದು ಬಿಟ್ಟಿದ್ದಳು. ಯಾರೂ ಕೇಳಿರಲಿಲ್ಲ, ತಾನಾಗಿಯೇ ತಂದದ್ದು.

ಆ ಹುಡುಗಿಯ ಲೆಕ್ಕಾಚಾರ ಸುಳ್ಳಾಗಲಿಲ್ಲ. ರಬ್ಬರ್ ಚೆಂಡು ಹಿಸುಕು ಎಂದರೆ ಸತ್ತಂತೆ ಬಿದ್ದಿರುತ್ತಿದ್ದ ಬಲಗೈ, ಬೇಯಿಸಿದ ಸೊಪ್ಪಿನ ಚೂರನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು, ನಡುಗುತ್ತ ನಡುಗುತ್ತ ನೀರಿನ ತನಕ ಹೋಗಿಬಿಡುತ್ತಿತ್ತು. ದಾರಿಯಲ್ಲಿ ಎರಡು ಸಲ ಬೀಳಿಸಿದರೂ ಮೂರನೆಯ ಸಲ ಬಿಡುತ್ತಿರಲಿಲ್ಲ.

"ಇದೊಂದು ಕೆಲಸ ಬಿಡಿಸ್ಬೇಡಿ ಅಂಕಲ್," ಎಂದು ಹುಡುಗಿ ಬಾಗಿಲಲ್ಲಿ ನಿಂತು ಹೇಳಿದ್ದಳು. "ಈ ಕೈ ಬೇರೆ ಯಾವುದಕ್ಕೂ ಏಳಲ್ಲ. ಇದೂ ನಿಂತ್ರೆ ಬೆರಳು ಮಡಚ್ಕೊಂಡುಬಿಡುತ್ತೆ."

ಒಂದು ಭಾನುವಾರ ಗಿಡ ಕಲ್ಲು ಬಿಟ್ಟು ಮೇಲೆ ತೇಲಿತು. ಕಟ್ಟುವ ಕೆಲಸ ಅಂದರೆ ಮೋಟಾರಪ್ಪನಿಗೆ ನೀರು ಕುಡಿದಷ್ಟು ಸಲೀಸು. ಅಂಗಡಿಯಿಂದ ಒಂದು ಗೇಣು ತಂತಿ ತಂದ. ತಂತಿಯ ಮೇಲಿನ ಬಣ್ಣ ಸಿಗಡಿಗೆ ವಿಷವಾದೀತೆಂದು ಅಂಜಿ, ಚಾಕುವಿನಿಂದ ಕೆರೆದು, ಮರಳುಕಾಗದದಲ್ಲಿ ಉಜ್ಜಿ, ತಾಮ್ರ ಫಳಫಳ ಹೊಳೆಯುವವರೆಗೂ ಬಿಡಲಿಲ್ಲ. ಆಮೇಲೆ ಗಿಡವನ್ನು ಕಲ್ಲಿಗೆ ಮೂರು ಸುತ್ತು ಸುತ್ತಿ ಇಳಿಸಿದ.

"ಸಿಗಡಿಗಳಿಗೂ ಮೋಟಾರ್ ಕೂರಿಸ್ತಿದೀರೇನ್ರಿ?" ಎಂದಳು ಹೆಂಡತಿ. ಲಕ್ವ ಬಾಯಿಯನ್ನು ಸ್ವಲ್ಪ ಸೊಟ್ಟ ಮಾಡಿತ್ತೇ ಹೊರತು ಕುಚೋದ್ಯವನ್ನು ಮುಟ್ಟಿರಲಿಲ್ಲ.

"ಹೂಂ ಕಣೇ, ಅರ್ಧ ಎಚ್‌ಪಿ."

ಬುಧವಾರ ಎರಡು ಸಿಗಡಿ ಬೆಳ್ಳಗಾಗಿ ಮಗ್ಗುಲಾಗಿದ್ದವು. ಗುರುವಾರ ನಾಲ್ಕು. ಉಳಿದವು ಹುಚ್ಚು ಹಿಡಿದಂತೆ ಗಾಜಿನುದ್ದಕ್ಕೂ ಈಜಾಡುತ್ತಿದ್ದವು. ಅಂದು ಬೆಳಗ್ಗೆ ಗಿರಣಿಯವನೊಬ್ಬ ತನ್ನ ಮೋಟಾರು ಇನ್ನೂ ಆಗಿಲ್ಲವೆಂದು ಕೆಳಗೆ ನಿಂತು ಕೂಗಾಡಿ ಹೋಗಿದ್ದ. ಆ ಕೋಪ ಇನ್ನೂ ಮೋಟಾರಪ್ಪನ ಮೈಯಲ್ಲೇ ಇತ್ತು. ಮರಳಿನ ಮೇಲೆ ಬಿದ್ದಿದ್ದ ಸೊಪ್ಪಿನ ದೊಡ್ಡ ಚೂರು ಕಣ್ಣಿಗೆ ಬಿತ್ತು.

"ಇಷ್ಟಿಷ್ಟು ಹಾಕಿದ್ರೆ ನೀರು ಕೊಳೆಯದೆ ಇನ್ನೇನಾಗುತ್ತೆ? ಕೈ ಹಿಡಿತ ಇಲ್ಲ ಅಂದ್ಮೇಲೆ ಯಾಕೆ ಹಾಕ್ಬೇಕು? ನೀನೇ ಸಾಯಿಸ್ದೆ ನೋಡು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ, ಬೇರೆಯವರ ಸಾಮಾನೊಂದನ್ನು ಎತ್ತಿಡುವಂತೆ, ಹೊದಿಕೆಯೊಳಗೆ ಇಟ್ಟುಕೊಂಡಳು.

ಶುಕ್ರವಾರ ಬೆಳಗಾಗುವಷ್ಟರಲ್ಲಿ ತೊಟ್ಟಿಯಲ್ಲಿ ಒಂದೂ ಜೀವವಿರಲಿಲ್ಲ.

ಹೊಸ ಸಿಗಡಿ ತಂದು ಬಿಟ್ಟರೆ ಕೈ ಮತ್ತೆ ಹೊರಗೆ ಬಂದೀತು ಎಂದುಕೊಂಡು ಅವನು ಸಾಕುಮೀನಿನ ಅಂಗಡಿಗೆ ಓಡಿದ. ಅಂಗಡಿಯಾಕೆ ಬಲೆ ಕೈಗೆತ್ತಿಕೊಂಡವಳು, ಹಳೆಯವು ಹೇಗೆ ಸತ್ತವೆಂದು ಕೇಳಿದಳು. ಅವನು ಹೇಳಿದ; ಗಿಡ ಕಟ್ಟಿದ್ದನ್ನೂ ಕಸುಬಿನ ಹೆಮ್ಮೆಯಿಂದ ಸೇರಿಸಿದ.

"ಯಾವ ತಂತಿ ಅಣ್ಣ?"

"ತಾಮ್ರದ್ದು. ಮೇಲಿನ ಬಣ್ಣ ಎಲ್ಲಾ ಕೆರೆದು ತೆಗ್ದಿದೀನಿ, ಶುದ್ಧ ತಾಮ್ರ."

ಅವಳು ಬಲೆಯನ್ನು ಮೊಳೆಗೆ ಮತ್ತೆ ತಗುಲಿಹಾಕಿದಳು. "ತಾಮ್ರ ಸಿಗಡಿಗೆ ಪಾಷಾಣ ಅಣ್ಣ. ಬಣ್ಣ ಇದ್ದಿದ್ರೆ ಒಂದಷ್ಟು ದಿನ ತಡೀತಿತ್ತೇನೋ. ಈಗ ನೀರು, ಮರಳು, ಪಾಚಿ ಎಲ್ಲಾದ್ರಲ್ಲೂ ಸೇರಿರುತ್ತೆ. ಹೊಸದು ಬಿಟ್ರೆ ಅವೂ ಸಾಯ್ತವೆ. ನಾನು ಮಾರಲ್ಲ." ಅವನ ಮುಖ ನೋಡಿ, ಸ್ಟೂಲೊಂದನ್ನು ಅವನತ್ತ ಕಾಲಲ್ಲಿ ಸರಿಸಿದಳು. "ಕೂತ್ಕೊಳ್ಳಿ ಅಣ್ಣ. ಗೊತ್ತಿಲ್ದೆ ಆಗಿದ್ದು."

ಅವನು ಕೂರಲಿಲ್ಲ. ಅವಸರದಲ್ಲಿ ಮೆಟ್ಟಿಲು ಹತ್ತುವಾಗ ಅವನಿಗೆ ಒಂದು ಬಗೆಯ ನಿರಾಳವೂ ಆಗಿತ್ತು. ತಪ್ಪು ತನ್ನದು, ಅವಳ ಕೈಯದಲ್ಲ. ಇದನ್ನು ಹೇಳಿಬಿಟ್ಟರೆ ಮುಗಿಯಿತು. ಅವಳು ಬೈಯಲಿ, ಬೇಕಾದರೆ ನಾಲ್ಕು ದಿನ ಮಾತು ಬಿಡಲಿ.

ಮಂಚದ ಅಂಚಿಗೆ ಕೂತು ಒಂದೇ ಉಸಿರಿಗೆ ಎಲ್ಲ ಹೇಳಿದ. ಅವಳು ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ ಎಡಗೈಯಿಂದ ಅವನ ಮೊಣಕಾಲು ತಟ್ಟಿದಳು.

"ಚೆನ್ನಾಗಿ ಕಟ್ಟಿದೀರಿ ಕಥೆ."

"ಕಥೆಯಲ್ಲ ಕಣೇ! ದೇವರಾಣೆ. ಅಂಗಡಿಯವಳನ್ನೇ ಕೇಳು, ಕರ್ಕೊಂಡು ಬರ್ತೀನಿ."

"ಅವಳಿಗೂ ಹೇಳ್ಕೊಟ್ಟಿರ್ತೀರಿ. ಕೆಟ್ಟು ನಿಂತ ಮೋಟಾರಿಗೂ 'ನಾಳೆ ತಿರುಗುತ್ತೆ' ಅನ್ನೋರು ನೀವು. ಮುಂದಿನ ತಿಂಗಳು ಮೆಟ್ಟಿಲಿಳಿದು ಬರ್ತೀಯ ಅಂತ ಡಾಕ್ಟ್ರು ಹೇಳಿದ್ರು ಅಂದ್ರಿ. ಅವರು ಹಾಗಂದಿರ್ಲಿಲ್ಲ. ನಾನು ಆ ಹುಡುಗೀನ ಕೇಳ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಎಷ್ಟೋ ಮೇಲಾಗುತ್ತಿತ್ತು. "ನನ್ನ ಸಮಾಧಾನಕ್ಕೆ ಹೇಳ್ತಿದೀರಿ, ಗೊತ್ತು. ನಿನ್ನೆ ಹೇಳಿದ್ರಲ್ಲ, ಅದು ನಿಜ. ಸಿಟ್ಟಲ್ಲಿ ಮಾತ್ರ ನೀವು ನಿಜ ಹೇಳೋದು."

ಅವಳ ನೋವಿಗೆಂದು ಇಷ್ಟು ದಿನ ಸವರುತ್ತ ಬಂದಿದ್ದ ಬೆಣ್ಣೆಯ ಮಾತುಗಳೇ ಈಗ ಅವನ ನಿಜಕ್ಕೆ ಅಡ್ಡ ನಿಂತಿದ್ದವು.

"ನೀರು ಚೆಲ್ಲಿಬಿಡಿ," ಎಂದಳು. "ವಾಸನೆ ಬರ್ತಿದೆ."

ಅವನು ಚೆಲ್ಲಲು ಏಳಲಿಲ್ಲ. ಹೊದಿಕೆಯೊಳಗೆ ಕೈಯಿಟ್ಟು ಅವಳ ಬಲಗೈಯನ್ನು ಹೊರಗೆ ತೆಗೆದ. ಒಂದು ದಿನದಲ್ಲೇ ಅದು ಮುಷ್ಟಿ ಕಟ್ಟಿತ್ತು. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಬಿಡಿಸತೊಡಗಿದ. ಮುಂದಿನ ಬೆರಳಿಗೆ ಹೋಗುವಷ್ಟರಲ್ಲಿ ಹಿಂದಿನದು ಮಡಚಿಕೊಳ್ಳುತ್ತಿತ್ತು. ಅವಳು ತಡೆಯಲಿಲ್ಲ, ಸಹಾಯವನ್ನೂ ಮಾಡಲಿಲ್ಲ.